ಅಂಚಿಗೆ ಬಂದ ಮುಖ

ಫೆಬ್ರವರಿ ೪, ಭಾನುವಾರ

ನಗರಸಭೆ ಹೆರಿಗೆ ಆಸ್ಪತ್ರೆಯನ್ನು ಮುಚ್ಚಕೂಡದೆಂದು ಇಂದು ಊರಿನಲ್ಲಿ ಮೊದಲ ಮೆರವಣಿಗೆ ಹೊರಟಿತು. ಆಸ್ಪತ್ರೆಯ ಹೆಬ್ಬಾಗಿಲಿನಿಂದ ನಗರಸಭೆಯ ಮೆಟ್ಟಿಲುಗಳವರೆಗೆ. ಇನ್ನು ಪ್ರತಿ ಭಾನುವಾರವೂ ಇದೇ ದಾರಿ. ಚಿತ್ರ ತೆಗೆಯುವ ಹೊಣೆಯನ್ನು ಸಮಿತಿ ನನಗೆ ವಹಿಸಿದೆ. ಸಮಿತಿಯ ಮುಖ್ಯಸ್ಥೆ ಅದೇ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತದೆ. ನನಗಿಂತ ಚಿಕ್ಕವರಾದರೂ ನನ್ನ ಬಾಯಿಗೂ ಅದೇ ಬರುತ್ತದೆ.

"ಬರೀ ಮದುವೆ ಫೋಟೋ ತೆಗೆದು ತೆಗೆದು ನಿಮ್ಮ ಕೈ ತುಕ್ಕು ಹಿಡಿದಿದೆ ಅಂತ ಕೇಳಿದೆ," ಎಂದು ಅವರು ನಕ್ಕರು.

"ಮದುವೆಯಲ್ಲಾದರೆ ಜನ ನಿಲ್ಲಿಸಿದ ಕಡೆ ನಿಲ್ಲುತ್ತಾರೆ," ಎಂದೆ.

"ಇಲ್ಲೂ ನಿಲ್ತಾರೆ. ಆಮೇಲೆ ಕದಲಿಸೋಕೆ ಪೊಲೀಸರೇ ಬರಬೇಕು."

ನನ್ನ ಸೊಸೆಯೂ ಹೊರಟಿದ್ದಳು. ಮಗ ಲಾರಿಯೊಂದಿಗೆ ತಿಂಗಳುಗಟ್ಟಲೆ ಹೊರಗಿರುವುದರಿಂದ ಮನೆಯಲ್ಲಿರುವವರು ನಾವಿಬ್ಬರೇ. ಅವಳು ನಗರಸಭೆಯ ಶಾಲೆಯಲ್ಲಿ ಶಿಕ್ಷಕಿ. ಬಾಗಿಲು ದಾಟುವ ಮೊದಲೇ ತಡೆದು ಹೇಳಿದಳು: "ಮಾವ, ನನ್ನ ಮುಖ ಬೀಳದ ಹಾಗೆ ತೆಗೀರಿ. ಅವರ ಸಂಬಳ ತಗೊಂಡು ಅವರ ವಿರುದ್ಧವೇ ಕೂಗೋಳು ನಾನು. ಕೆಲಸಕ್ಕೇ ಸಂಚಕಾರ ಬರುತ್ತೆ." ಆಗಲೆಂದೆ. ಆದರೆ ಹೆಬ್ಬಾಗಿಲಿನಲ್ಲಿ ಅವಳು ಕೈಯೆತ್ತಿ ಕೂಗಿದ ಕ್ಷಣದಲ್ಲಿ ಬಿಸಿಲು ಸರಿಯಾಗಿ ಕೆನ್ನೆಯ ಮೇಲೆ ಬಿದ್ದಿತ್ತು. ಒಂದೇ ಒಂದು ಚಿತ್ರ ತೆಗೆದೆ. ಮುಖ ಗುರುತು ಸಿಗದ ಚಿತ್ರವನ್ನು ನಾನು ಚಿತ್ರವೆಂದು ಕರೆಯುವವನಲ್ಲ.

ಬಸ್ ನಿಲ್ದಾಣದ ಬಳಿ ಬೀಗ ರಿಪೇರಿ ಮಾಡುವವನೊಬ್ಬನಿದ್ದಾನೆ. ಮೆರವಣಿಗೆಯುದ್ದಕ್ಕೂ ಅಂಚಿನಲ್ಲೇ ನಡೆದ. ಒಮ್ಮೆಯೂ ಬಾಯಿ ತೆರೆಯಲಿಲ್ಲ. ಘೋಷಣೆ ಕೂಗದವನಿಗೆ ಮೆರವಣಿಗೆಯಲ್ಲೇನು ಕೆಲಸ?

ಫೆಬ್ರವರಿ ೭, ಬುಧವಾರ

ಚಿತ್ರಗಳನ್ನು ತೊಳೆದು, ಒಣಗಿಸಿ, ಅಂಚು ಕತ್ತರಿಸಿ, ಸಂಖ್ಯೆ ಬರೆದು, ಸ್ಟುಡಿಯೋದ ಮುಂದಿನ ಗಾಜಿನ ಕಪಾಟಿನಲ್ಲಿ ತೂಗುಹಾಕಿದೆ. ಇದು ನಮ್ಮ ಕಸುಬಿನ ರೂಢಿ. ಮದುವೆಯಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಜನ ಬಂದು ಗಾಜಿನ ಮೇಲೆ ಬೆರಳಿಟ್ಟು ತಮ್ಮನ್ನು ಹುಡುಕಿಕೊಳ್ಳುತ್ತಾರೆ. ಸಂಖ್ಯೆ ಹೇಳಿದರೆ ಪ್ರತಿ ಮಾಡಿಕೊಡುತ್ತೇನೆ. ಇಂದೂ ನೂಕುನುಗ್ಗಲು. "ಅಯ್ಯೋ, ನೋಡೇ, ನಮ್ಮ ನೀರು ಬಿಡೋನು! ನಲ್ಲಿಯಲ್ಲಿ ಬರದಿರೋ ಜೋರು ಬಾಯಲ್ಲಿ ಹೇಗೆ ಬರ್ತಿದೆ!" ಎಂದು ಹೆಂಗಸೊಬ್ಬಳು ಅಂದದ್ದು ಒಳಗೂ ಕೇಳಿಸಿತು.

ಸೊಸೆಯ ಚಿತ್ರವನ್ನು ಕಪಾಟಿಗೆ ಹಾಕುವ ಇರಾದೆ ಇರಲಿಲ್ಲ. ಆದರೆ ಹೆಬ್ಬಾಗಿಲಿನ ಮೇಲಿನ ವಿದ್ಯುತ್ ತಂತಿ ಅವಳ ಹಣೆಗೆ ಅಡ್ಡ ಬಂದು ಚಿತ್ರವನ್ನು ಕೆಡಿಸಿತ್ತು. ನೆಗೆಟಿವ್ ಮೇಲೆ ಕೂದಲೆಳೆಯ ಕುಂಚದಿಂದ ಆ ತಂತಿಯನ್ನು ಅಳಿಸಲು ಬೆಳಗೆಲ್ಲ ಹಿಡಿಯಿತು. ಅಷ್ಟು ಪಾಡುಪಟ್ಟ ಮೇಲೆ ಪೆಟ್ಟಿಗೆಯೊಳಗಿಡಲು ಮನಸ್ಸಾಗಲಿಲ್ಲ. ಅವಳು ಶಾಲೆಗೆ ಹೋಗುವ ದಾರಿಯೂ ಬೇರೆ.

ಸಂಜೆ ಕೊಡೆ ಹಿಡಿದ ಸಂಭಾವಿತರೊಬ್ಬರು ಬಂದಿದ್ದರು. ಎಷ್ಟು ಕಾಲವಾಯಿತು ಅಂತಹ ಶುದ್ಧ ಮಾತು ಕೇಳಿ! "ತಮ್ಮ ಚಿತ್ರಗಳಲ್ಲಿ ಒಂದೊಂದು ಮುಖವೂ ಕಡೆದು ನಿಲ್ಲಿಸಿದಂತಿದೆ. ಯಾರನ್ನಾದರೂ ಗುರುತಿಸಬಹುದು," ಎಂದರು. ತಂಗಿಯೊಬ್ಬಳು ಗುಂಪಿನಲ್ಲಿದ್ದಾಳಂತೆ. ಕೆಲವು ಸಂಖ್ಯೆಗಳನ್ನು ಹೇಳಿ ಪ್ರತಿಗಳನ್ನು ಒಯ್ದರು.

ಫೆಬ್ರವರಿ ೧೮, ಭಾನುವಾರ

ನೀರು ಬಿಡುವವನಿಗೆ ನಗರಸಭೆಯಿಂದ ನೋಟಿಸು ಬಂದಿದೆ. ಮೆರವಣಿಗೆಯಲ್ಲಿ ಭಾಗವಹಿಸಿದ್ದಕ್ಕೆ ವಿಚಾರಣೆ, ಅಲ್ಲಿಯವರೆಗೆ ಕೆಲಸವಿಲ್ಲ. ಛಾಯಾಚಿತ್ರದ ಆಧಾರವಿದೆಯೆಂದು ಬರೆದಿದ್ದಾರಂತೆ, ಚಿತ್ರವನ್ನು ಮಾತ್ರ ತೋರಿಸಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವವನ ಕೊಟ್ಟಿಗೆಯಲ್ಲಿ ಸಮಿತಿ ಸೇರಿತು. ಅಂಟಿನ ವಾಸನೆಯ ನಡುವೆ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾ ಕುಳಿತಿದ್ದೆವು.

"ಯಾರೋ ನಮ್ಮೊಳಗೇ ಇದ್ದು ಫೋಟೋ ಹೊಡೀತಿದ್ದಾರೆ," ಎಂದರು ದೊಡ್ಡಕ್ಕ.

"ಕ್ಯಾಮೆರಾ ಇರೋದು ಒಬ್ರ ಹತ್ರಾನೇ," ಎಂದು ಸಮಿತಿಯಲ್ಲಿರುವ ದರ್ಜಿ ನನ್ನ ಕಡೆ ನೋಡಿದ.

"ಏಯ್, ನಾಲಿಗೆ ಬಿಗಿ ಹಿಡಿ! ಅವರ ಸೊಸೆಯೇ ಮೆರವಣಿಗೇಲಿ ಇದ್ದಾಳೆ," ಎಂದು ದೊಡ್ಡಕ್ಕ ಗದರಿದರು.

ದರ್ಜಿಗೆ ಅಷ್ಟು ಆತುರವೇಕೆ? ಅನ್ಯರ ಕಡೆ ಬೆರಳು ತೋರುವವನ ಕೈಯನ್ನು ಮೊದಲು ಪರೀಕ್ಷಿಸಬೇಕು.

ಫೆಬ್ರವರಿ ೨೦

ದರ್ಜಿಯ ಅಂಗಡಿಯ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಇಬ್ಬರು ಬಂದರು, ಅಳತೆ ಕೊಟ್ಟು ಹೋದರು. ಅಳತೆಯನ್ನೇ ಕೊಟ್ಟರೆಂದು ಹೇಳುವುದು ಹೇಗೆ?

ರಟ್ಟು ಕಟ್ಟುವವನಿಗೆ ನಗರಸಭೆಯಿಂದ ಕೆಲಸ ಬರುತ್ತದೆಯೆಂಬುದೂ ಇಂದು ತಿಳಿಯಿತು.

ಫೆಬ್ರವರಿ ೨೫, ಭಾನುವಾರ

ಇಂದಿನ ಚಿತ್ರಗಳಲ್ಲಿ ಫಲಕಗಳು ಕಡಿಮೆ. ಯಾರು ಯಾರ ಕಿವಿಯಲ್ಲಿ ಮಾತಾಡುತ್ತಾರೆ, ಯಾರು ತಿರುವಿನಲ್ಲಿ ಹಿಂದೆ ಉಳಿಯುತ್ತಾರೆ ಎಂಬುದನ್ನು ಮಾತ್ರ ತೆಗೆದೆ. ಸೊಸೆ ಒಮ್ಮೆ ಪಕ್ಕಕ್ಕೆ ಬಂದು, "ಮಾವ, ಮೆರವಣಿಗೆ ಆ ಕಡೆ ಹೋಗ್ತಿದೆ, ನಿಮ್ಮ ಕ್ಯಾಮೆರಾ ಈ ಕಡೆ ಯಾಕಿದೆ?" ಎಂದಳು. ತಿರುವಿನತ್ತ ಇನ್ನೊಂದು ಚಿತ್ರ ತೆಗೆದೆ. ಶಾಲೆಯ ಅಡುಗೆಯವಳಿಗೂ ನೋಟಿಸು ಬಂದಿದೆಯಂತೆ. ಅವಳು ರಸ್ತೆಯ ಮಧ್ಯದಲ್ಲೇ ಕುಳಿತು ಅತ್ತಳು. ಅದನ್ನೂ ತೆಗೆದೆ, ಆಗ ಯಾರು ಅಳದೆ ನಿಂತಿದ್ದರು ಎಂದು ನೋಡುವುದಕ್ಕಾಗಿ.

ಸಂಜೆ ಕೊಡೆಯವರು ಬಂದಿದ್ದರು. ಈ ಕಳವಳವನ್ನೆಲ್ಲ ಹಂಚಿಕೊಳ್ಳಲು ವಿವೇಕಿಗಳೊಬ್ಬರು ಸಿಕ್ಕರಲ್ಲ ಎಂದು ಹಗುರವಾಯಿತು. ಗಮನವಿಟ್ಟು ಕೇಳಿ, "ಅಂತಹವರು ಎಂದೂ ಗುಂಪಿನ ನಡುವೆ ಇರುವುದಿಲ್ಲ. ಅಂಚಿನಲ್ಲಿ ನೋಡಿ," ಎಂದರು. ಮತ್ತೆ ಕೆಲವು ಪ್ರತಿಗಳನ್ನು ಒಯ್ದರು. ದೊಡ್ಡ ಕುಟುಂಬವಿರಬೇಕು.

ಫೆಬ್ರವರಿ ೨೮, ಬುಧವಾರ

ಅಂಚಿನಲ್ಲಿ ನೋಡಿದೆ. ಪ್ರತಿಗಳಲ್ಲಲ್ಲ, ಅವುಗಳ ಅಂಚನ್ನು ನಾನೇ ಕತ್ತರಿಸಿರುತ್ತೇನೆ. ಕತ್ತಲೆಕೋಣೆಯಲ್ಲಿ ನೆಗೆಟಿವ್‌ಗಳನ್ನೇ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದೆ. ಬೀಗದವನು! ಎಲ್ಲ ಭಾನುವಾರವೂ ಅಂಚಿನಲ್ಲಿದ್ದಾನೆ. ಜನರೆಲ್ಲ ನಗರಸಭೆಯ ಕಡೆ ನೋಡುತ್ತಿದ್ದರೆ ಅವನೊಬ್ಬನ ಕಣ್ಣು ನನ್ನ ಕ್ಯಾಮೆರಾದ ಮೇಲೆ. ಬಾಯಿ ಬಿಗಿದಿದೆ. ನಾನು ಯಾರ ಚಿತ್ರ ತೆಗೆಯುತ್ತಿದ್ದೇನೆಂದು ಅಳೆಯುವವನ ನೋಟ ಅದು.

ಇನ್ನೊಂದು ಸಂಗತಿ. ಬುಧವಾರಗಳಂದು ಜನ ಚದುರಿದ ಮೇಲೆ ಅವನು ಕಪಾಟಿನ ಮುಂದೆ ಬಂದು ನಿಲ್ಲುತ್ತಾನೆ. ಕೈಗಳನ್ನು ಹಿಂದೆ ಕಟ್ಟಿ, ಒಂದೊಂದು ಚಿತ್ರವನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾನೆ. ಒಂದು ಪ್ರತಿಯನ್ನೂ ಕೇಳುವುದಿಲ್ಲ. ಇಂದೂ ಬಂದಿದ್ದ. ಪರದೆಯ ಹಿಂದಿನಿಂದ ನೋಡಿದೆ.

ಒಂದು ನೆಗೆಟಿವನ್ನು ಪೂರ್ತಿಯಾಗಿ, ಅಂಚೂ ಬಿಡದೆ, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮಾಡಿದೆ. ಅವನ ತಲೆಯ ಸುತ್ತ ಕೆಂಪು ಶಾಯಿಯಿಂದ ವೃತ್ತ ಎಳೆದೆ. ಕೈ ಸ್ವಲ್ಪವೂ ಅಲುಗಲಿಲ್ಲ.

ಮಾರ್ಚ್ ೧, ಗುರುವಾರ

ಸಮಿತಿಯ ಮುಂದೆ ಚಿತ್ರವನ್ನು ಬಿಚ್ಚಿ ಹಿಡಿದೆ. ಬೀಗದವನನ್ನು ಕರೆಸಿದರು. ಕೈಗೆ ಅಂಟಿದ್ದ ಅರದ ಪುಡಿಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಬಂದ.

"ಯಾಕೋ ಯಾವಾಗ್ಲೂ ಕ್ಯಾಮೆರಾ ಕಡೆ ನೋಡ್ತೀಯ?" ದರ್ಜಿ ಕೇಳಿದ.

"ಸುಮ್ನೆ."

"ಸ್ಟುಡಿಯೋ ಮುಂದೆ ಏನು ನೋಡ್ತೀಯ?"

"ಫೋಟೋ."

"ನೋಡಿ ಯಾರಿಗೆ ಹೇಳ್ತೀಯ?"

ಅವನು ಚಿತ್ರದ ಕಡೆ ತಿರುಗಿದ. ಬೈಯುತ್ತಿದ್ದವರನ್ನು ಬಿಟ್ಟು ಅದನ್ನೇ ನೋಡುತ್ತಾ ನಿಂತ. ಅಷ್ಟು ನಿರ್ಲಜ್ಜತನವನ್ನು ನಾನು ಕಂಡಿಲ್ಲ. "ಮನೆಯವಳಿಗೆ ಹೇಳ್ತೀನಿ," ಎಂದ. ಕೊಟ್ಟಿಗೆಯಲ್ಲಿ ನಗೆ ಎದ್ದಿತು. ದರ್ಜಿ ಅವನ ಎದೆಗೆ ಕೈಯಿಟ್ಟು ಹೊರಗೆ ತಳ್ಳಿದ. ದೊಡ್ಡಕ್ಕ ಮಾತ್ರ ನಗಲಿಲ್ಲ. "ಖಚಿತ ತಾನೇ?" ಎಂದು ನನ್ನನ್ನು ಕೇಳಿದರು.

"ಚಿತ್ರ ಸುಳ್ಳಾಡುವುದಿಲ್ಲ," ಎಂದೆ.

ಮಾರ್ಚ್ ೪, ಭಾನುವಾರ

ಅಂಚು ಖಾಲಿ. ಚಿತ್ರಗಳು ಅಚ್ಚುಕಟ್ಟಾಗಿ ಬಂದಿವೆ.

ಬೀಗದವನ ಅಂಗಡಿಯ ಬೀಗದೊಳಗೆ ಯಾರೋ ಅರಗು ಕರಗಿಸಿ ಸುರಿದಿದ್ದರಂತೆ. ತನ್ನ ಬೀಗವನ್ನೇ ಒಡೆಯುತ್ತಾ ಅವನು ಬೀದಿಯಲ್ಲಿ ಕುಳಿತಿದ್ದನೆಂದು ಜನ ಆಡಿಕೊಂಡು ನಗುತ್ತಿದ್ದರು.

ಮಾರ್ಚ್ ೯, ಶುಕ್ರವಾರ

ಸೊಸೆಗೆ ನೋಟಿಸು ಬಂದಿದೆ. ವಿಚಾರಣೆ ಬುಧವಾರ. ಚಿತ್ರವನ್ನು ದೃಢಪಡಿಸಲು ಸ್ಟುಡಿಯೋದ ಮಾಲೀಕನೂ ಹಾಜರಾಗಬೇಕು. ಈ ಬಾರಿ ಚಿತ್ರವನ್ನೂ ಲಗತ್ತಿಸಿದ್ದಾರೆ. ಅವಳು ಅದನ್ನು ಊಟದ ಮೇಜಿನ ಮೇಲಿಟ್ಟು, "ಮಾವ, ಇದನ್ನು ಯಾವಾಗ ತೆಗೆದ್ರಿ?" ಎಂದಳು.

ನಾನು ತೆಗೆದದ್ದಲ್ಲವೆಂದೆ. ಬೀಗದವನು ಎಲ್ಲಿಯೋ ಅಡಗಿಸಿಟ್ಟಿದ್ದ ಕ್ಯಾಮೆರಾದಿಂದ ತೆಗೆದಿರಬೇಕು, ಇಲ್ಲವೇ ಕಳ್ಳಕೀಲಿಯಿಂದ ಸ್ಟುಡಿಯೋ ಹೊಕ್ಕಿರಬೇಕು ಎಂದೆಲ್ಲ ಹೇಳಿದೆ. ಚಿತ್ರವನ್ನು ಕಿಟಕಿಯ ಬೆಳಕಿಗೆ ಒಯ್ದೆ. ಎತ್ತಿದ ಕೈ, ಕೆನ್ನೆಯ ಮೇಲೆ ಬಿಸಿಲು, ಹೆಬ್ಬಾಗಿಲು. ಅವಳ ಹಣೆ ನಿರ್ಮಲವಾಗಿತ್ತು. ತಂತಿ ಇರಲಿಲ್ಲ.

ಆ ಹೆಬ್ಬಾಗಿಲಿನಲ್ಲಿ ಲೋಕದ ಯಾವ ಕ್ಯಾಮೆರಾ ಇಟ್ಟು ತೆಗೆದರೂ ತಂತಿ ಬರಲೇಬೇಕು. ಅದಿಲ್ಲದ ಚಿತ್ರ ಒಂದೇ ಒಂದು ಕಡೆ ಹುಟ್ಟಬಲ್ಲದು.

ಕೊಡೆಯವನಿಗೆ ತಂಗಿ ಇಲ್ಲ.

ಮಾರ್ಚ್ ೧೦, ಶನಿವಾರ

ಕಪಾಟನ್ನು ಬರಿದು ಮಾಡಿದೆ. ಕೇಳಿದವರಿಗೆ ಗಾಜು ಒರೆಸಲಿಕ್ಕಿದೆ ಎಂದೆ. ನಿಜವಾಗಿಯೂ ಒರೆಸಿದೆ. ಬೆರಳಿನ ಗುರುತುಗಳು ಹೇರಳವಾಗಿದ್ದವು.

ಸೊಸೆಗೆ ಎಲ್ಲವನ್ನೂ ಹೇಳಿದೆ. ನಾನು ಅವಳ ಮಾತನ್ನು ಮೀರಿದ್ದು, ತೂಗುಹಾಕಿದ್ದು, ಕೇಳಿದವನಿಗೆ ಕೊಟ್ಟದ್ದು. ಅವಳು ಪಾತ್ರೆ ತೊಳೆಯುತ್ತಿದ್ದಳು, ತಿರುಗಲಿಲ್ಲ.

"ಅಡುಗೆಯವಳದ್ದೂ? ನೀರಿನವನದ್ದೂ?"

"ಹೌದು."

"ಎಲ್ಲರ ಮೇಲೂ ಅನುಮಾನ ಪಟ್ರಲ್ಲ ಮಾವ. ಅವನ ಮೇಲೆ ಯಾಕೆ ಬರ್ಲಿಲ್ಲ?"

ಕೊಡೆಯವನ ಮಾತು ಅಷ್ಟು ಚೆನ್ನಾಗಿತ್ತು ಎಂದು ಹೇಳಲು ನಾಚಿಕೆಯಾಯಿತು.

ವಿಚಾರಣೆಯಲ್ಲಿ ತಾನೇ ಎಂದು ಒಪ್ಪಿಕೊಳ್ಳುತ್ತಾಳಂತೆ. ಕೆಲಸ ಹೋದರೆ ಮನೆಪಾಠ ಹೇಳುತ್ತಾಳಂತೆ. ಆ ಶಾಲೆಯ ಮಕ್ಕಳ ವಿಷಯ ಬಂದಾಗ ಮಾತ್ರ ಅವಳ ಧ್ವನಿ ಒಡೆಯಿತು. ಮೊದಲು ನನ್ನನ್ನು ಕರೆಯುತ್ತಾರೆ, ಅಲ್ಲಿಯವರೆಗೆ ಸುಮ್ಮನಿರು ಎಂದು ಬೇಡಿಕೊಂಡೆ.

ಮಾರ್ಚ್ ೧೪, ಬುಧವಾರ

ವಿಚಾರಣಾಧಿಕಾರಿಯ ಪಕ್ಕದ ಮೇಜಿನಲ್ಲಿ ಕೊಡೆಯವನು ಕುಳಿತಿದ್ದ. ಕೊಡೆ ಕುರ್ಚಿಗೆ ಒರಗಿತ್ತು. ನನ್ನನ್ನು ಕಂಡು ಎದ್ದು, "ದಯಮಾಡಿಸಬೇಕು," ಎಂದು ಕೈಮುಗಿದ. ಈಗಲೂ ಒಂದಕ್ಷರ ತಪ್ಪಿಲ್ಲ.

"ಈ ಫೋಟೋ ನೀವು ತೆಗೆದಿದ್ದಾ?" ಅಧಿಕಾರಿ ಕೇಳಿದರು.

"ನಾನೇ."

"ಇದರಲ್ಲಿರೋದು ನಿಮ್ಮ ಸೊಸೆ ತಾನೇ?"

"ಸ್ವಾಮಿ, ಈ ಚಿತ್ರವನ್ನು ತಾವು ನಂಬಬಾರದು. ಇದು ತಿದ್ದಿದ ಚಿತ್ರ."

ಕೊಡೆಯವನು ತಲೆಯೆತ್ತಿದ.

"ತಿದ್ದಿದ್ದು ಅಂದ್ರೆ?"

"ಹೆಬ್ಬಾಗಿಲಿನ ಮೇಲೆ ವಿದ್ಯುತ್ ತಂತಿಯಿದೆ. ಇದರಲ್ಲಿಲ್ಲ. ಯಾರನ್ನಾದರೂ ಕಳಿಸಿ ನೋಡಿಸಿ."

ಜವಾನನನ್ನು ಕಳಿಸಿದರು. ಅವನು ಬರುವವರೆಗೆ ಸೊಸೆ ನನ್ನನ್ನೇ ನೋಡುತ್ತಿದ್ದಳು. ಜವಾನ ಏದುಸಿರು ಬಿಡುತ್ತಾ ಬಂದು, "ಇದೆ ಸಾರ್, ಕಾಗೆ ಕೂತಿತ್ತು," ಎಂದ.

"ಇನ್ನೇನೇನು ತಿದ್ದಿದ್ದೀರಿ?"

"ನೆನಪಿಲ್ಲ."

"ಮುಖ?"

"ಮುಖಗಳನ್ನು ತಿದ್ದಿಯೇ ನಾನು ಇಷ್ಟು ವರ್ಷ ಅನ್ನ ತಿಂದದ್ದು. ಮದುಮಗಳ ಮೊಡವೆ ತೆಗೆದಿದ್ದೇನೆ, ತೀರಿಕೊಂಡವರಿಗೆ ಕಣ್ಣು ಬಿಡಿಸಿದ್ದೇನೆ. ಇದರಲ್ಲಿ ಯಾರನ್ನು ಇಟ್ಟೆ, ಯಾರನ್ನು ತೆಗೆದೆ ಎಂದು ಪ್ರಮಾಣ ಮಾಡಿ ಹೇಳಲಾರೆ."

"ಅಲ್ರೀ, ಹಾಗಾದ್ರೆ ಇದು ಫೋಟೋನೋ ಗೋಡೆ ಚಿತ್ರವೋ?"

"ತಾವೇ ಹೇಳಬೇಕು."

ಅಧಿಕಾರಿ ಲೇಖನಿಯನ್ನು ಕೆಳಗಿಟ್ಟು ಕೊಡೆಯವನ ಕಡೆ ತಿರುಗಿದರು. "ಎಲ್ಲ ಇದೇ ಅಂಗಡಿಯಿಂದ ತಂದಿದ್ದಾ?" ಅವನ ಬಾಯಲ್ಲಿ ಆಗ ಒಂದು ಒಳ್ಳೆಯ ಪದವೂ ಸಿಗಲಿಲ್ಲ. ನನ್ನ ಸ್ಟುಡಿಯೋದ ಯಾವ ಚಿತ್ರವೂ ಆಧಾರವಾಗದೆಂದು ಬರೆಸಿ, ಮೂವರನ್ನೂ ಕೆಲಸಕ್ಕೆ ಮರಳಿಸಿದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಇನ್ನು ಈ ಊರಿನಲ್ಲಿ ಗುರುತಿನ ಚೀಟಿಗೂ ನನ್ನಿಂದ ಯಾರೂ ಚಿತ್ರ ತೆಗೆಸಿಕೊಳ್ಳಲಾರರು.

ಮೆಟ್ಟಿಲಿಳಿಯುವಾಗ ಸೊಸೆ ನನ್ನ ಮೊಣಕೈ ಹಿಡಿದುಕೊಂಡಳು. ಅಂದಳು: "ನಾನು ಅಲ್ಲಿ ಇದ್ದೆ ಮಾವ. ತಂತಿ ಜೊತೆ ನನ್ನನ್ನೂ ಒರೆಸಿಬಿಟ್ರಿ."

ಮಾರ್ಚ್ ೧೫, ಗುರುವಾರ

ಕೊಟ್ಟಿಗೆಯಲ್ಲಿ ಚಪ್ಪಾಳೆ. ಅಡುಗೆಯವಳು ನನ್ನ ಕಾಲಿಗೆ ಬೀಳಲು ಬಂದಳು; ಹಿಂದೆ ಸರಿದೆ. "ಯಜಮಾನ್ರು ಸುಳ್ಳು ಹೇಳಿದ್ರೂ ವ್ಯಾಕರಣ ತಪ್ಪಲ್ಲ!" ಎಂದು ದರ್ಜಿ ಕೂಗಿದ. ಅವನನ್ನೂ ನಾನು ಬೀದಿಯಲ್ಲಿ ನಿಂತು ಗಮನಿಸಿದ್ದೆನೆಂದು ಅವನಿಗೆ ತಿಳಿಯದು.

ದೊಡ್ಡಕ್ಕ ಗದ್ದಲ ಅಡಗುವವರೆಗೆ ಕಾದರು. "ಹಾಗಾದ್ರೆ ಬೀಗದಣ್ಣನ ಫೋಟೋ? ಅದನ್ನೂ ತಿದ್ದಿದ್ರಾ?"

ಹೌದು ಎನ್ನಬಹುದಿತ್ತು. ಒಂದು ಸುಳ್ಳಿನ ಮೇಲೆ ಇನ್ನೊಂದು. ಕುಂಚ ಜಾರಿತೆಂದು ಎಲ್ಲರೂ ಮರೆಯುತ್ತಿದ್ದರು.

"ಇಲ್ಲ," ಎಂದೆ. "ಅದು ಇದ್ದದ್ದು ಇದ್ದಂತೆಯೇ ಬಂದದ್ದು. ನೋಡಿದ ನಾನು ತಪ್ಪಾಗಿ ನೋಡಿದೆ." ಆಮೇಲೆ ಗಾಜಿನ ಕಪಾಟಿನ ವಿಷಯವನ್ನೂ ಕೊಡೆಯವನ ವಿಷಯವನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಅಡುಗೆಯವಳು ನಾನು ಕುಳಿತಿದ್ದ ಬೆಂಚಿನಿಂದ ಮೆಲ್ಲನೆ ಎದ್ದು ಆಚೆ ಹೋಗಿ ಕುಳಿತಳು.

ಮಾರ್ಚ್ ೧೭, ಶನಿವಾರ

ಬೀಗದಂಗಡಿಗೆ ಹೋಗಿದ್ದೆ. ಬಾಗಿಲಿಗೆ ಈಗ ಹೊಸ ಕೊಂಡಿ. ಒಳಗೆ ಗೋಡೆಯ ತುಂಬ ಕೀಲಿಗಳು. ಬೀಗದಣ್ಣ ಇಕ್ಕುಳಕ್ಕೆ ಸಿಕ್ಕಿಸಿದ ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದರು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ವಾಕ್ಯಗಳು ಬಾಗಿಲಿನಲ್ಲೇ ನಿಂತವು.

"ದೊಡ್ಡಕ್ಕ ಬಂದಿದ್ರು. ದರ್ಜಿಯೂ ಬಂದಿದ್ದ, ಅಂಗಿ ಹೊಲಿದುಕೊಡ್ತಾನಂತೆ. ನೀವೂ ಬಂದ್ರಿ. ಕೂತ್ಕೊಳ್ಳಿ," ಎಂದರು.

ಕುಳಿತೆ. "ಒಂದು ಮಾತು ಕೇಳಬಹುದೇ? ನೀವು ಘೋಷಣೆ ಏಕೆ ಕೂಗುತ್ತಿರಲಿಲ್ಲ?"

ಅವರು ಬಾಯಿ ಅಗಲಿಸಿದರು. ಮುಂದಿನ ಎರಡು ಹಲ್ಲುಗಳಿರಲಿಲ್ಲ. "ಫೋಟೋದಲ್ಲಿ ಬಾಯಿ ತೆರೆದ್ರೆ ಚೆನ್ನಾಗಿ ಕಾಣಲ್ಲ ಸ್ವಾಮಿ."

ಹೆಂಡತಿ ಹಾಸಿಗೆ ಹಿಡಿದಿದ್ದಾರಂತೆ. ಅವರ ಮಕ್ಕಳೆಲ್ಲ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. ಮೆರವಣಿಗೆಗೆ ತಾನು ಹೋಗಲಾಗದು, ನೀನಾದರೂ ಹೋಗು, ಹೋದದ್ದಕ್ಕೆ ಫೋಟೋ ತಂದು ತೋರಿಸು, ಇಲ್ಲದಿದ್ದರೆ ನಂಬುವುದಿಲ್ಲ ಎಂದಿದ್ದರಂತೆ.

"ಪ್ರತಿ ವಾರ ನಿಮ್ಮ ಕ್ಯಾಮೆರಾ ಎಲ್ಲಿದೆ ಅಂತ ನೋಡಿ ನೋಡಿ ನಿಂತ್ಕೋತಿದ್ದೆ. ಬುಧವಾರ ಬಂದು ಹುಡುಕಿದ್ರೆ ಒಂದ್ರಲ್ಲಿ ಅರ್ಧ ಕಿವಿ, ಇನ್ನೊಂದ್ರಲ್ಲಿ ಮೊಣಕೈ. ಮೊಣಕೈ ತಗೊಂಡೋಗಿ ಇದು ನಾನೇ ಅಂತ ಹೇಳೋದು ಹೇಗೆ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾಳೆ ಅವರ ಚಿತ್ರವನ್ನು ಎದುರು ನಿಲ್ಲಿಸಿಯೇ ತೆಗೆದುಕೊಡುತ್ತೇನೆ, ಹೆಬ್ಬಾಗಿಲಿನ ನಡುವೆ, ಒಬ್ಬರನ್ನೇ, ಎಂದೆ.

"ಒಬ್ಬನೇ ನಿಂತ್ರೆ ಮೆರವಣಿಗೆ ಅಂತ ಅವಳು ಒಪ್ತಾಳಾ? ಅದ್ಯಾಕೆ, ಇದೆಯಲ್ಲ. ಅವತ್ತು ಸಭೆಯಲ್ಲಿ ಹಿಡಿದ್ರಲ್ಲ, ದೊಡ್ಡದು. ಅದರಲ್ಲಿ ನಾನು ಪೂರ್ತಿ ಬಂದಿದ್ದೀನಿ. ಹಿಂದೆ ಜನ, ಬೋರ್ಡು, ಎಲ್ಲ ಇದೆ. ಅವತ್ತೇ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಹೊರಗೆ ತಳ್ಳಿದ್ರು."

ಸ್ಟುಡಿಯೋಗೆ ಹೋಗಿ ಅದನ್ನು ತಂದು ಅವರ ಮೇಜಿನ ಮೇಲೆ ಹರಡಿದೆ. ಕೆಂಪು ವೃತ್ತ ಹಸಿಯಾಗಿರುವಂತೆಯೇ ಹೊಳೆಯುತ್ತಿತ್ತು. ಶಾಯಿಯನ್ನು ತೆಗೆಯುವ ದ್ರಾವಣವಿದೆ, ಒಂದು ದಿನ ಕೊಡಿ, ಗುರುತೂ ಉಳಿಯದಂತೆ ಅಳಿಸಿ ತರುತ್ತೇನೆ ಎಂದೆ.

ಅವರು ಚಿತ್ರವನ್ನು ನನ್ನ ಕೈಗೆ ಸಿಗದಂತೆ ತಮ್ಮ ಕಡೆ ಎಳೆದುಕೊಂಡರು.

"ಬೇಡ ಬೇಡ, ಇರ್ಲಿ ಬಿಡಿ. ಅವಳಿಗೆ ಕಣ್ಣು ಮಂಜು. ಇಷ್ಟು ಜನರಲ್ಲಿ ನಾನೆಲ್ಲಿ ಅಂತ ಹುಡುಕೋ ಕಷ್ಟ ತಪ್ಪುತ್ತೆ."